ಹೆದರಿಕೆ ಅಂತ ಬರೆದಿದ್ದೆ

ಸೂಳೆಕೆರೆ ಏರಿ ಕೆಳಗಿನ ಊರು, ಚನ್ನಗಿರಿ ತಾಲ್ಲೂಕು
18 ಫೆಬ್ರವರಿ 2024

ನೇತ್ರಾವತಿ ಸಿಸ್ಟರಮ್ಮನವರಿಗೆ,

ನಾನು ಬಂಗಾರಪ್ಪ. ಹೆಸರು ಹೇಳಿದ್ರೆ ನಿಮಗೆ ಗುರ್ತು ಹತ್ತಲಿಕ್ಕಿಲ್ಲ. ಹೋದ ದೀಪಾವಳಿ ಆದ ಮ್ಯಾಲೆ ಚನ್ನಗಿರಿ ಆಸ್ಪತ್ರೆಯಾಗೆ ಕಿಡ್ನಿ ಕೆಟ್ಟು ತೀರ್ಕೊಂಡಳಲ್ಲ ಸಾವಂತ್ರಮ್ಮ, ಕಿಟಕಿ ಪಕ್ಕದ ಮಂಚದಾಕೆ, ಆಕೆ ಗಂಡ ನಾನು. ಏನು ಹೇಳಿದ್ರೂ 'ಆಂ?' ಅಂತ ಎರಡು ಸಲ ಕೇಳ್ತಿದ್ದ ಮುದುಕ ಅಂದ್ರೆ ನೆನಪಾಗಬಹುದು. ನಾನು ನೀರುಗಂಟಿ ಆಗಿದ್ದೆ. ಸೂಳೆಕೆರೆ ತೂಬು ಎತ್ತೋದು, ಇಳಿಸೋದು, ಕಾಲುವೆಗೆ ನೀರು ಬಿಡೋದು ನನ್ನ ಕೆಲಸ. ಆ ನೀರಿನ ಸದ್ದಿನ ಬುಡದಾಗೆ ನಿಂತು ನಿಂತು ಕಿವಿ ಹೋದ್ವು. ಫೋನಿನಾಗೆ ನಂಗೆ ಬರೀ ಗುಂಯ್ ಅಂತೈತೆ. ಅದಕ್ಕೇ ಕಾಗದ ಬರೀತಾ ಇದೀನಿ.

ಸಂಕ್ರಾಂತಿ ಕಳೆದ ಮ್ಯಾಲೆ ಒಂದು ಚೀಲ ಹೊಸ ಅಕ್ಕಿ ತಗೊಂಡು ನಿಮ್ಮನ್ನ ನೋಡಾಕೆ ಹೋಗಿದ್ದೆ. ಆಸ್ಪತ್ರೆ ಗೇಟಿನ ತಂಕ ಹೋದೆ, ಒಳಗೆ ಕಾಲು ಬರ್ಲಿಲ್ಲ. ಆಯಾ ಚೌಡೇಶ್ವರಿ ಹೊರಗೆ ಬಂದಾಕೆ, ನೀವು ಜಗಳೂರಿಗೆ ವರ್ಗ ಆದ್ರಿ ಅಂತ ಹೇಳಿ ವಿಳಾಸ ಬರೆದುಕೊಟ್ಲು. ಅಕ್ಕಿ ಆಕೆಗೇ ಕೊಟ್ಟು ಬಂದೆ, ತಪ್ಪು ತಿಳೀಬ್ಯಾಡ್ರಿ.

ನಿಮಗೆ ಒಂದು ಮಾತು ಹೇಳಬೇಕಿತ್ತು. ಸಾವಂತ್ರಮ್ಮನ ಉಸಿರು ನಿಂತಾಗ ನಾವೆಲ್ಲ ಅಳಾಕೆ ಹತ್ತಿದ್ವಿ. ನೀವು ಸೂಜಿ ನಳಿಗೆ ತೆಗೆದು, ಮುಖ ಒರೆಸಿ, ಆಮೇಲೆ ಕೂದಲು ಬಿಡಿಸಿ ಜಡೆ ಹಾಕಿದ್ರಿ. ಯಾರೂ ಹಾಕಿ ಅಂದಿರ್ಲಿಲ್ಲ. 'ಹಿಂಗೆ ಕೆದರಿಕೊಂಡು ಮನೆಗೆ ಹೋಗೋದು ಬ್ಯಾಡ' ಅಂತ ಆಕೆಗೇ ಹೇಳಿದಂಗೆ ಹೇಳಿದ್ರಿ. ನಂಗೆ ಕೇಳ್ಸಲಿಲ್ಲ, ತುಟಿ ನೋಡಿ ಗೊತ್ತಾತು. ನಿಮ್ಮ ಕೈ ಒಂದು ಚೂರೂ ಅಳುಕಲಿಲ್ಲ.

ಒಂದು ಸಲ ನೋಡಿದ್ದಕ್ಕೇ ನಾನು ಹಿಂಗಾಗೀನಿ. ಮಲಗಿದ್ರೆ ಎದೆ ಮ್ಯಾಲೆ ಯಾರೋ ಕುಂತಂಗೆ ಆಗ್ತೈತೆ. ಎದ್ದು ಕುಂತ್ರೆ ಹಗುರ. ನೀವು ದಿನಾ ನೋಡ್ತೀರಿ. ನಿಮಗೆ ಹೆಂಗೆ ಭಯ ಆಗಲ್ಲ? ಅದಕ್ಕೆ ಏನು ಮಾಡ್ತೀರಿ ಅಂತ ಅಷ್ಟು ಬರೀರಿ.

ನಿಮ್ಮ ಮಗಳು ಚೆನ್ನಾಗಿ ಅದಾಳೆ ಅಂದ್ಕೊಂಡೀನಿ.

ಬಂಗಾರಪ್ಪ


ಜಗಳೂರು
2 ಮಾರ್ಚ್ 2024

ಪ್ರೀತಿಯ ಬಂಗಾರಪ್ಪನವರಿಗೆ,

ನಿಮ್ಮ ನೆನಪು ಚೆನ್ನಾಗಿಯೇ ಇದೆ. ಸಾವಂತ್ರಮ್ಮನವರದೂ ಇದೆ. ಇಂಜೆಕ್ಷನ್ ಕೊಡುವಾಗ ನನ್ನ ಕೈಬಳೆ ಎಲ್ಲಿ ತಗೊಂಡೆ ಅಂತ ಕೇಳಿದ್ದರು. ನಮ್ಮ ಕೆಲಸದಲ್ಲಿ ಹೋದವರ ಮನೆಯಿಂದ ಹೀಗೆ ಕಾಗದ ಬರುವುದು ಅಪರೂಪ. ವಾರ್ಡಿನ ಮೇಜಿನ ಮೇಲೆ ಇಟ್ಟು ಎರಡು ಸಲ ಓದಿದೆ.

ನೀವು ಕೇಳಿದ್ದಕ್ಕೆ ದೊಡ್ಡ ಉತ್ತರವೇನೂ ನನ್ನಲ್ಲಿಲ್ಲ. ಅಭ್ಯಾಸ ಆಗಿಬಿಡುತ್ತದೆ, ಅಷ್ಟೆ. ಕೆಲಸ ಜಾಸ್ತಿ ಇರುವುದರಿಂದ ಯೋಚನೆ ಮಾಡಲು ಬಿಡುವೂ ಸಿಗುವುದಿಲ್ಲ. ಇಲ್ಲಿ ಸೊಕ್ಕೆ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಜನ ಬರುತ್ತಲೇ ಇರುತ್ತಾರೆ. ಒಬ್ಬರ ಡ್ರಿಪ್ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಕರೆಯುತ್ತಾರೆ.

ಅಷ್ಟು ವರ್ಷ ಜೊತೆಗಿದ್ದವರು ಹೋದಾಗ ಎದೆ ಭಾರ ಆಗುವುದು ಸಹಜ. ರಾತ್ರಿ ಊಟ ಸ್ವಲ್ಪ ಬೇಗ ಮಾಡಿ. ಮಲಗುವ ಮೊದಲು ಬಿಸಿ ಹಾಲು ಕುಡಿಯಿರಿ. ದಿನ ಹೋದಂತೆ ಕಡಿಮೆ ಆಗುತ್ತದೆ.

ನನ್ನ ಗಂಡ ರಘುನಾಥ ಹೊನ್ನಾಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಗಳು ಸಿಂಚನ ಅಲ್ಲೇ ಎರಡನೇ ಕ್ಲಾಸು. ನಾನು ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಎಲ್ಲರೂ ಆರಾಮಾಗಿದ್ದೇವೆ.

ನಿಮ್ಮ
ನೇತ್ರಾವತಿ


ಸೂಳೆಕೆರೆ
14 ಮಾರ್ಚ್ 2024

ಸಿಸ್ಟರಮ್ಮ,

ಹಾಲು ಕುಡಿದು ನೋಡಿದೆ. ಎರಡು ದಿನ ನಿದ್ದೆ ಬಂದಂಗಾತು, ಆಮೇಲೆ ಮತ್ತೆ ಮೊದಲಿನಂಗೇ. ಎರಡು ದಿಂಬು ಸಾಲ್ದೆ ಈಗ ಗೋಡೆಗೆ ಒರಗಿ ಕುಂತೇ ಕಣ್ಣು ಮುಚ್ಚೋದು. ಬೆಳಿಗ್ಗೆ ಕೆರೆ ಏರಿ ಹತ್ತಾಕೆ ಹೋದ್ರೆ ಅರ್ಧಕ್ಕೇ ಕುಂದ್ರಬೇಕಾಗ್ತೈತೆ. ಆಕೆ ಇದ್ದಾಗ ದಿನಾ ಹತ್ತಿ ಇಳೀತಿದ್ದೆ. ಆಕೆ ಜೊತೆಗೆ ಕಾಲಿನ ಬಲಾನೂ ಹೋತು.

ಮನ್ಯಾಗೆ ಜನ ಇಲ್ಲ ಅಂತಲ್ಲ. ಮಗ ಪರಶುರಾಮ್ ಕೆರೆ ಮೀನು ತುಂಬ್ಕೊಂಡು ಶಿವಮೊಗ್ಗಕ್ಕೆ ಗಾಡಿ ಹೊಡೀತಾನೆ. ಸೊಸೆ ಅಂಬಿಕಾ ಒಳ್ಳೆ ಹುಡುಗಿ. ಆದ್ರೆ ನನ್ನ ಜೊತೆ ಮಾತಾಡ್ಬೇಕು ಅಂದ್ರೆ ಕೂಗಬೇಕು. ಕೂಗಿದ್ರೆ ಬೀದಿಗೆಲ್ಲ ಕೇಳ್ತೈತೆ. ಅದಕ್ಕೇ ಊಟ, ನೀರು, ಸ್ನಾನ, ಇಷ್ಟಕ್ಕೇ ಮಾತು ನಿಂತೈತೆ. ಸಾವಂತ್ರಮ್ಮ ಕೂಗ್ತಿರ್ಲಿಲ್ಲ. ಮುಖದ ಮುಂದೆ ಬಂದು ಕುಂತು ನಿಧಾನ ಮಾತಾಡ್ತಿದ್ಲು. ಹಂಗಾಗಿ ಊರಿನ ಸುದ್ದಿ ಎಲ್ಲ ನಂಗೆ ಗೊತ್ತಿರ್ತಿತ್ತು. ಈಗ ಪಕ್ಕದ ಮನ್ಯಾಗೆ ಮದುವೆ ಆದ್ರೂ ಶಾಮಿಯಾನ ಹಾಕಿದ ಮ್ಯಾಲೇ ಗೊತ್ತಾಗೋದು.

ಆಸ್ಪತ್ರೆಗೆ ತೋರಿಸೋಣ ಬರ್ರಿ ಅಂತ ಅಂಬಿಕಾ ಗಂಟು ಬಿದ್ದಾಳೆ. ನಂಗೆ ಮನಸ್ಸಿಲ್ಲ. ಸಿಸ್ಟರನ್ನ ಕೇಳಿ ನೋಡ್ತೀನಿ ಅಂದೀನಿ. ನೀವು ಏನಂತೀರಿ?

ಬಂಗಾರಪ್ಪ


ಜಗಳೂರು
7 ಏಪ್ರಿಲ್ 2024

ಬಂಗಾರಪ್ಪನವರೇ,

ತಡವಾಯಿತು, ಕ್ಷಮಿಸಿ. ನಮ್ಮಲ್ಲಿ ಒಬ್ಬಳು ಬಾಣಂತನಕ್ಕೆ ಹೋದಳು, ಇನ್ನೊಬ್ಬಳು ಕೆಲಸವನ್ನೇ ಬಿಟ್ಟಳು. ಉಳಿದವರು ಅವರ ಪಾಳಿಯನ್ನೂ ಹೊರುತ್ತಿದ್ದೇವೆ.

ನಿಮ್ಮ ಕಾಗದ ಓದಿ ಬೆಚ್ಚಿದೆ. ನೀವು ಬರೆದದ್ದು ನನ್ನದೇ ಅನ್ನಿಸಿತು. ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಫೆಬ್ರವರಿ ಮೊದಲ ವಾರ ಸೊಕ್ಕೆ ಹತ್ತಿರದ ಹಳ್ಳಿಯಿಂದ ಒಬ್ಬಳು ಬಂದಿದ್ದಳು. ನನ್ನದೇ ವಯಸ್ಸು. ಎದೆ ಉರಿ ಅಂತ ನಡೆದುಕೊಂಡೇ ಬಂದವಳು. ನಾನು ಸೂಜಿ ಹಾಕಲು ನರ ಹುಡುಕುತ್ತಿದ್ದೆ. ಮಗಳ ಸ್ಕೂಲ್ ಬ್ಯಾಗಿನ ಜಿಪ್ಪು ಕಿತ್ತುಹೋಗಿದೆ, ವಾಪಸ್ಸು ಹೋಗುವಾಗ ಹಾಕಿಸಿಕೊಂಡು ಹೋಗಬೇಕು ಅಂತ ಹೇಳುತ್ತಿದ್ದಳು. ಮಾತು ನಡುವೆ ನಿಂತಿತು. ತಲೆ ಎತ್ತಿ ನೋಡಿದರೆ ಹೋಗಿದ್ದಳು. ಡಾಕ್ಟರು ಎದೆ ಒತ್ತಿದರು, ಎಲ್ಲ ಮಾಡಿದರು. ಬರಲಿಲ್ಲ.

ಅವತ್ತಿನಿಂದ ನನಗೆ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಳ್ಳಲು ಶುರುವಾಯಿತು. ಉಸಿರು ಸಾಲದಂತೆ, ಈಗಲೇ ಸಾಯುತ್ತೇನೆ ಅನ್ನುವಂತೆ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಒಂದು ಸಲ ದಾವಣಗೆರೆ ಬಸ್ಸಿನಿಂದ ನಡುವೆಯೇ ಇಳಿದುಬಿಟ್ಟೆ. ಇಸಿಜಿ ತೆಗೆಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿ ಇದೆ. ಇದು ಬರೀ ಹೆದರಿಕೆ, ಮನಸ್ಸಿನದು ಅಂದರು ಡಾಕ್ಟರು.

ನಿಮ್ಮದೂ ಇದೇ. ಸಾವನ್ನು ಹತ್ತಿರದಿಂದ ನೋಡಿದ ಹೆದರಿಕೆ ಎದೆಯಲ್ಲಿ ಕೂತಿದೆ. ನನಗೆ ಗೊತ್ತಾಗುತ್ತದೆ. ಉಸಿರು ಹಿಡಿದ ಹಾಗಾದಾಗ ಗಾಬರಿಯಾಗಬೇಡಿ. ನಿಧಾನವಾಗಿ ಉಸಿರು ಬಿಡಿ, ಇದು ರೋಗವಲ್ಲ, ಹೆದರಿಕೆ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ನಾನು ಹಾಗೇ ಮಾಡಿ ಈಗ ಪೂರ್ತಿ ಗುಣವಾಗಿದ್ದೇನೆ.

ನೇತ್ರಾವತಿ


ಸೂಳೆಕೆರೆ
15 ಏಪ್ರಿಲ್ 2024

ಸಿಸ್ಟರಮ್ಮ,

ನಿಮ್ಮ ಕಾಗದ ಓದಿ ದೊಡ್ಡ ಭಾರ ಇಳೀತು. ಅಂಬಿಕಾಗೂ ಓದಾಕೆ ಕೊಟ್ಟೆ. ನೋಡು, ಸಿಸ್ಟರಿಗೂ ಹಿಂಗೇ ಆಗಿತ್ತಂತೆ, ರೋಗ ಅಲ್ಲಂತೆ ಅಂದೆ. ಇನ್ನು ಆಸ್ಪತ್ರೆ ಮಾತು ಎತ್ತಬ್ಯಾಡ ಅಂದೀನಿ. ಆಕೆ ಏನೋ ಗೊಣಗಿದ್ಲು, ನಂಗೆ ಕೇಳ್ಸಲಿಲ್ಲ.

ನೀವು ಗುಣ ಆದ್ರಲ್ಲ, ಅದು ನಂಗೆ ಧೈರ್ಯ. ಉಸಿರು ಹಿಡಿದಾಗೆಲ್ಲ ನೀವು ಹೇಳಿದ್ದೇ ಹೇಳ್ಕೊಂತೀನಿ. ಕೆಮ್ಮು ಒಂದು ಸೇರ್ಕೊಂಡೈತೆ, ಬಿಸಿಲಿಗೆ ಧೂಳು ಜಾಸ್ತಿ.

ಆ ಹೆಣ್ಣುಮಗಳ ಬ್ಯಾಗಿನ ಸುದ್ದಿ ಮತ್ತೊಂದು ಸಲ ಓದಿದೆ. ನೀವು ಇದನ್ನ ನಿಮ್ಮ ಯಜಮಾನರಿಗೆ ಹೇಳೀರೇನು? ಹೇಳ್ರಿ. ಕಿವಿ ಕೇಳೋ ಗಂಡ ಅದಾನೆ ನಿಮಗೆ.

ಬಂಗಾರಪ್ಪ


ಸೂಳೆಕೆರೆ
12 ಮೇ 2024

ಸಿಸ್ಟರಮ್ಮನವರಿಗೆ,

ನಿಮ್ಮ ಉತ್ತರ ಬರ್ಲಿಲ್ಲ. ನಿಮ್ಮ ಮನೆ ವಿಷಯಕ್ಕೆ ಕೈ ಹಾಕಿದೆ ಅಂತ ಬೇಜಾರಾತೇನೋ. ನಾನು ಸಲಿಗೆ ಮಾಡಿದ್ದು ಹೆಚ್ಚಾಗಿದ್ರೆ ಮನಸ್ಸಿನಾಗೆ ಇಟ್ಕೋಬ್ಯಾಡ್ರಿ.

ನನ್ನ ಹೆದರಿಕೆ ಮಾತ್ರ ಹೋಗ್ತಿಲ್ಲ. ನಾನು ನಿಮ್ಮಷ್ಟು ಗಟ್ಟಿ ಅಲ್ಲ. ಈಗ ರಾತ್ರಿ ಮಲಗೋದೇ ಇಲ್ಲ, ಕಟ್ಟೆ ಮ್ಯಾಲೆ ಕುಂತು ಬೆಳಗು ಮಾಡೋದು. ಊಟ ಸೇರಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿದಂಗೆ. ಆದ್ರೂ ಮೈ ಇಳಿದಿಲ್ಲ, ಕಾಲು ತುಂಬ್ಕೊಂಡಾವೆ. ಹೋದ ಯುಗಾದಿಗೆ ತಗೊಂಡ ಚಪ್ಪಲಿ ಒಳಗೆ ಪಾದ ಹೋಗ್ತಿಲ್ಲ. ಪರಶುರಾಮನ ಹಳೇ ಚಪ್ಪಲಿ ಹಾಕ್ಕೊಂಡು ಬಾಗಿಲ ತಂಕ ಓಡಾಡ್ತೀನಿ. ಹೆದರಿಕೆಗೆ ಕಾಲೂ ಊದ್ತಾವೇನು, ತಿಳಿದ್ರೆ ಬರೀರಿ.

ಕೆರೆ ನೋಡಾಕೆ ಹೋಗಿ ಒಂದು ತಿಂಗಳಾತು.

ಬಂಗಾರಪ್ಪ


ಜಗಳೂರು
27 ಮೇ 2024

ಬಂಗಾರಪ್ಪನವರೇ,

ಇದನ್ನು ಓದಿದ ಕೂಡಲೇ ಆಸ್ಪತ್ರೆಗೆ ಹೋಗಿ. ನಾಳೆಗೆ ಬಿಡಬೇಡಿ. ನಾನು ಬರೆದದ್ದು ತಪ್ಪು. ನಿಮ್ಮದು ಹೆದರಿಕೆ ಅಲ್ಲ, ಹೃದಯದ್ದು. ಮಲಗಿದರೆ ಉಸಿರು ಕಟ್ಟುವುದು, ಕೆಮ್ಮು, ಕಾಲು ಊದುವುದು, ಇದನ್ನೆಲ್ಲ ಯಾವ ನರ್ಸಿಂಗ್ ವಿದ್ಯಾರ್ಥಿನಿಯಾದರೂ ಓದಿರುತ್ತಾಳೆ. ನೀವು ಮೊದಲ ಕಾಗದದಲ್ಲೇ ಬರೆದಿದ್ದಿರಿ. ನನಗೆ ಕಾಣಲಿಲ್ಲ.

ನಿಮ್ಮ ಎರಡು ಕಾಗದಗಳೂ ನನ್ನ ಬ್ಯಾಗಿನಲ್ಲೇ ಇದ್ದವು. ಒಡೆದಿರಲಿಲ್ಲ. ಇವತ್ತು ಮಧ್ಯಾಹ್ನ ಒಡೆದೆ. ಯಾಕೆ ಒಡೆಯಲಿಲ್ಲ ಅಂತ ಈಗ ಹೇಳುತ್ತಾ ಕೂರುವುದಿಲ್ಲ.

ನಿಮ್ಮ ಮನೆಯ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಚೌಡೇಶ್ವರಿ ಫೋನ್ ಎತ್ತುತ್ತಿಲ್ಲ. ಈ ಕಾಗದ ನಿಮಗೆ ಮುಟ್ಟಲು ಮೂರು ನಾಲ್ಕು ದಿನ ಬೇಕು.

ಇದನ್ನು ಅಂಚೆ ಡಬ್ಬಿಗೆ ಹಾಕುವುದಿಲ್ಲ. ನಾನೇ ತರುತ್ತೇನೆ.

ನೇತ್ರಾವತಿ


ಸೂಳೆಕೆರೆ
22 ಜೂನ್ 2024

ಸಿಸ್ಟರಮ್ಮನವರಿಗೆ,

ಮನೆಗೆ ಬಂದು ಒಂದು ವಾರ ಆತು. ದಾವಣಗೆರೆ ಡಾಕ್ಟರು ಉಪ್ಪು ಬಿಡಿಸ್ಯಾರೆ, ನೀರು ಲೋಟದಾಗೆ ಅಳೆದು ಕುಡೀಬೇಕು. ಜೀವಮಾನ ಎಲ್ಲ ನೀರು ಬಿಟ್ಟವನಿಗೆ ನೀರು ಅಳೆದು ಕೊಡ್ತಾಳೆ ಸೊಸೆ. ಎದೆ ಅರ್ಧ ಬಲದಾಗೆ ನಡೀತೈತಂತೆ. ಇದ್ದಷ್ಟು ದಿನ ಮಾತ್ರೆ ತಗೋಬೇಕಂತೆ. ರಾತ್ರಿ ಮಲಗ್ತೀನಿ. ಒಂದೇ ದಿಂಬು ಸಾಕು.

ನೀವು ಅವತ್ತು ತಂದ ಕಾಗದ ಅಂಬ್ಯುಲೆನ್ಸಿನಾಗೆ ನನ್ನ ಜೇಬಿಗೆ ಹಾಕಿದ್ರಿ. ವಾರ್ಡಿನಾಗೆ ಓದಿದೆ. ಅದಕ್ಕೇ ಈ ಉತ್ತರ. ನೀವು ಎರಡು ಸಲ ದಾವಣಗೆರೆಗೆ ಬಂದು ನೋಡಿದ್ರಿ, ಹಣ್ಣು ಇಟ್ಟು ಹಂಗೇ ಹೋದ್ರಿ.

ಅವತ್ತು ನೀವು ಬಂದಾಗ ನಾನು ಕಟ್ಟೆ ಮ್ಯಾಲೆ ಕುಂತಿದ್ದೆ. ಮೊದಲು ಗುರ್ತು ಸಿಗಲಿಲ್ಲ, ಅಷ್ಟು ಇಳಿದು ಹೋಗಿದ್ರಿ. ನೀವು ಕೆಳಗೆ ಕುಂತು ನನ್ನ ಪಾದ ಹೆಬ್ಬೆರಳಿನಾಗೆ ಒತ್ತಿದ್ರಿ. ಒತ್ತಿದ ಗುಳಿ ಹಂಗೇ ನಿಂತಿತು. ನೀವು ಅದನ್ನೇ ನೋಡ್ತಾ ಇದ್ರಿ. ಅಂಬಿಕಾ ಒಳಗಿಂದ ಬಂದು ನಿಮ್ಮನ್ನ ಕೇಳಿದ್ಲು. ಆಕೆ ಕೂಗಿ ಕೇಳಿದ್ದಕ್ಕೆ ನಂಗೂ ಕೇಳ್ಸಿತು.

'ರೋಗ ಅಲ್ಲ, ಹೆದರಿಕೆ ಅಂತ ಬರೆದವರು ನೀವೇ ಅಲ್ಲೇನು?'

'ಹೌದು. ನಾನೇ ಬರೆದದ್ದು' ಅಂದ್ರಿ. ನಿಮ್ಮ ತುಟಿ ನೋಡಿ ಗೊತ್ತಾತು, ಅಷ್ಟೇ ಅಂದ್ರಿ. ಆಮೇಲೆ ಆಕೆ ಕೈಯಿಂದ ಫೋನ್ ತಗೊಂಡು ಅಂಬ್ಯುಲೆನ್ಸಿಗೆ ಮಾಡಿದ್ರಿ.

ಸೊಸೆ ಮ್ಯಾಲೆ ಬೇಜಾರು ಬ್ಯಾಡ. ಆಕೆಗೆ ಒಂದು ವಿಷಯ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ಬರಿಯಾಕೇ ಪೆನ್ನು ಹಿಡಿದೀನಿ. ಇದು ಬರೀ ಹೆದರಿಕೆ ಅಲ್ಲ ಅಂತ ನಂಗೆ ಒಳಗೆ ಅನ್ನಿಸ್ತಿತ್ತು. ಆದ್ರೆ ಸಾವಂತ್ರಮ್ಮನ್ನ ಕರ್ಕೊಂಡು ಹೋದ ಬಾಗಿಲಿನಾಗೆ ನಾನು ಹೋಗಾಕೆ ತಯಾರಿರ್ಲಿಲ್ಲ. ಹೋಗದೆ ಇರಾಕೆ ಒಂದು ನೆಪ ಹುಡುಕ್ತಿದ್ದೆ. ನೀವು ಬರೆದದ್ದು ನಂಗೆ ಬೇಕಾದಂಗೇ ಇತ್ತು. ನೀವು ಬ್ಯಾರೆ ಬರೆದಿದ್ರೆ ನಾನು ನಿಮಗೆ ಕಾಗದ ಬರಿಯೋದೇ ನಿಲ್ಲಿಸ್ತಿದ್ದೆನೇನೋ.

ಅಂಬ್ಯುಲೆನ್ಸಿನಾಗೆ ನನ್ನ ಕೈ ಹಿಡ್ಕೊಂಡಿದ್ರಿ. ನಿಮ್ಮ ಕೈ ನಡುಗ್ತಿತ್ತು. ಮೊದಲು ಗಾಡಿ ಅಲುಗಾಡೋದಕ್ಕೆ ಅಂದ್ಕೊಂಡೆ. ಗಾಡಿ ಗೇಟಿನಾಗೆ ನಿಂತಾಗ್ಲೂ ನಡುಗ್ತಿತ್ತು. ನಂಗೆ ಅದು ನೋಡಿ ಏನೋ ಸಮಾಧಾನ ಆತು, ಯಾಕೆ ಅಂತ ಗೊತ್ತಿಲ್ಲ. ಇಷ್ಟು ದಿನ ನಾನೊಬ್ಬನೇ ಹೆದರ್ತೀನಿ ಅಂದ್ಕೊಂಡಿದ್ದೆ.

ನೀವು ಗುಣ ಆಗಿಲ್ಲ, ಅಲ್ಲವಾ? ಈ ಸಲ ನಿಜ ಬರೀರಿ.

ಬಂಗಾರಪ್ಪ


ಹೊನ್ನಾಳಿ
6 ಜುಲೈ 2024

ಬಂಗಾರಪ್ಪನವರಿಗೆ,

ಗುಣ ಆಗಿರಲಿಲ್ಲ. ಈಗಲೂ ಆಗಿಲ್ಲ.

ಚನ್ನಗಿರಿಯಲ್ಲಿದ್ದಾಗ ನನ್ನ ಕೈ ಅಳುಕುತ್ತಿರಲಿಲ್ಲ, ಅದು ನಿಜ. ಸಾವು ಅಂದರೆ ಆಗ ಮಂಚದ ಮೇಲಿರುವವರಿಗೆ ಬರುವುದು, ನಾನು ಮಂಚದ ಪಕ್ಕ ನಿಲ್ಲುವವಳು. ಸೊಕ್ಕೆ ಕಡೆಯ ಆ ಹೆಂಗಸು ಮಾತಿನ ನಡುವೆ ಹೋದಮೇಲೆ ಆ ಗೆರೆ ಅಳಿಸಿಹೋಯಿತು. ಯಾರ ನಾಡಿ ಹಿಡಿದರೂ ನನ್ನದನ್ನೇ ಹಿಡಿದಂತೆ. ಕೆಲಸ ಮಾತ್ರ ನಡೆಯುತ್ತಿತ್ತು. ಮಾತ್ರೆ ತಪ್ಪಲಿಲ್ಲ, ಇಂಜೆಕ್ಷನ್ ತಪ್ಪಲಿಲ್ಲ. ಮುಖ ಹಾಗೇ ಇಟ್ಟುಕೊಂಡಿದ್ದೆ.

ವಾರಕ್ಕೊಮ್ಮೆ ಹೊನ್ನಾಳಿಗೆ ಹೋಗುತ್ತೇನೆ ಅಂತ ಬರೆದಿದ್ದೆ. ಹೋಗುತ್ತಿರಲಿಲ್ಲ. ಡ್ಯೂಟಿ ಇದೆ ಅಂತ ರಘುನಾಥರಿಗೆ ಸುಳ್ಳು ಹೇಳುತ್ತಿದ್ದೆ. ಹೋದರೆ ಸಿಂಚನ ಮಲಗಿರುವಾಗ ಅವಳ ಹೊಟ್ಟೆ ಏರಿಳಿಯುತ್ತಿದೆಯೋ ಇಲ್ಲವೋ ಅಂತ ನೋಡುತ್ತಾ ನಿಲ್ಲುತ್ತೇನೆ. ಸ್ವಲ್ಪ ನಿಧಾನವಾದರೂ ಅಲುಗಾಡಿಸಿ ಎಬ್ಬಿಸುತ್ತೇನೆ. ಒಂದು ಸಲ ಅವಳು ಹೆದರಿ ಅತ್ತಳು, ಅಮ್ಮ ಬಂದರೆ ಮಲಗಲು ಬಿಡುವುದಿಲ್ಲ ಅಂದಳು. ಆಮೇಲೆ ಹೋಗುವುದನ್ನೇ ಬಿಟ್ಟೆ. ತವರೂರು ಗೋವಿನಕೋವಿಗೆ ಅಮ್ಮನನ್ನು ನೋಡಲೂ ಹೋಗಲಿಲ್ಲ. ನಿಮ್ಮ ಕಾಗದ ಒಡೆಯದೇ ಇದ್ದದ್ದೂ ಅದಕ್ಕೇ. ಒಡೆದರೆ ಒಳಗೆ ನೀವು ಹೋದ ಸುದ್ದಿ ಇರುತ್ತದೆ ಅನ್ನಿಸುತ್ತಿತ್ತು. ಒಡೆಯದಿದ್ದರೆ ನೀವು ಇರುತ್ತೀರಿ.

ನೀವು ನೆಪ ಹುಡುಕುತ್ತಿದ್ದಿರಿ ಅಂತ ಬರೆದು ನನ್ನ ಭಾರ ಅರ್ಧ ಹೊತ್ತುಕೊಂಡಿದ್ದೀರಿ. ಇನ್ನರ್ಧ ನನ್ನದೇ. ನನ್ನ ಹೆದರಿಕೆಯನ್ನು ನಿಮ್ಮ ಎದೆಯಲ್ಲಿ ನೋಡಿದೆ, ನಿಮ್ಮ ಎದೆಯನ್ನು ನೋಡಲಿಲ್ಲ. ಅಂಬಿಕಾ ಕೇಳಿದ್ದು ಸರಿಯಾಗಿಯೇ ಇತ್ತು.

ನಿಮ್ಮ ಕಾಗದ ಬಂದ ಮಾರನೇ ದಿನ ನಮ್ಮ ಇನ್‌ಚಾರ್ಜ್ ಸಿಸ್ಟರ್ ಅನ್ನಪೂರ್ಣಮ್ಮನ ಹತ್ತಿರ ಹೋದೆ. ರಿಟೈರಾಗಲು ಬಂದವರು, ಕಟ್ಟುನಿಟ್ಟು. ಅವರ ಎದುರು ಯಾರೂ ಸೋತ ಮುಖ ತೋರಿಸುವುದಿಲ್ಲ. ನನಗೆ ರಜೆ ಬೇಕು, ಸಾಯುವ ಹೆದರಿಕೆ ಆಗಿದೆ, ವಾರ್ಡಿನಲ್ಲಿ ನಿಲ್ಲಲು ಆಗುತ್ತಿಲ್ಲ ಅಂದುಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬಂದರು.

'ನಾನು ಮನೇಲಿ ಸ್ನಾನಕ್ಕೆ ಹೋದರೆ ಚಿಲಕ ಹಾಕಲ್ಲ' ಅಂದರು. 'ಕೆಲಸಕ್ಕೆ ಸೇರಿದ ಹೊಸದರಿಂದ. ಒಳಗೆ ಬಿದ್ದು ಸತ್ತರೆ ಬಾಗಿಲು ಒಡೀಬೇಕಾಗ್ತೈತಲ್ಲ ಅಂತ. ಮನೆಯವರಿಗೆ ಚಿಲಕ ಕೆಟ್ಟೈತೆ ಅಂತ ಹೇಳೀನಿ. ಅವರು ಹೊಸದು ಹಾಕಿಸ್ತಾರೆ, ನಾನು ಮತ್ತೆ ಕೆಡಿಸ್ತೀನಿ.'

ಇದನ್ನು ಇನ್ಯಾರಿಗಾದರೂ ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ದಿನಾ ಒಂದೇ ಮೇಜಿನ ಆಚೆ ಈಚೆ ಕೂತು ಬುತ್ತಿ ಬಿಚ್ಚುತ್ತೇವೆ ನಾವು. ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ವಾರ್ಡಿನಿಂದ ಯಾರೋ ಸಿಸ್ಟರ್ ಅಂತ ಕರೆದರು. ಎದ್ದು ಬಾಗಿಲು ತೆಗೆದು, 'ಬಂದೆ, ಯಾಕೆ ಅಷ್ಟು ಕೂಗ್ತೀರಿ' ಅಂದರು. ಯಾವತ್ತಿನ ಧ್ವನಿಯೇ. ಸಂಜೆ ಕರೆದು ಹದಿನೈದು ದಿನದ ರಜೆಗೆ ಸಹಿ ಹಾಕಿಕೊಟ್ಟರು, ದಾವಣಗೆರೆಯಲ್ಲಿ ತೋರಿಸಿಕೊ ಅಂತ ಮನಸ್ಸಿನ ಡಾಕ್ಟರ ಹೆಸರು ಹೇಳಿದರು. ತೋರಿಸಿಕೊಂಡೇ ಇಲ್ಲಿಗೆ ಬಂದೆ. ಮಾತ್ರೆ ಕೊಟ್ಟಿದ್ದಾರೆ, ತಿಂಗಳಿಗೊಮ್ಮೆ ಹೋಗಬೇಕು.

ಇವತ್ತು ಮಧ್ಯಾಹ್ನ ರಘುನಾಥ ಊಟಕ್ಕೆ ಬಂದಿದ್ದರು. ಸಿಂಚನ ಚಾಪೆಯ ಮೇಲೆ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದೆ. ಏನು ನೋಡ್ತಿದ್ದೀಯ ಅಂತ ಕೇಳಿದರು. ಹೇಳಿದೆ. ಎಲ್ಲವನ್ನೂ ಹೇಳಿದೆ, ನಿಮ್ಮ ವಿಷಯವನ್ನೂ. ಅವರಿಗೆ ಪೂರ್ತಿ ಅರ್ಥವಾಯಿತು ಅಂತ ಅನ್ನಿಸಲಿಲ್ಲ. ಹಾಗಾದರೆ ಕೆಲಸ ಬಿಡ್ತೀಯಾ ಅಂದರು. ಇಲ್ಲ ಅಂದೆ. ಯಾಕೆ ಅಂತ ಕೇಳಲಿಲ್ಲ.

ಆಮೇಲೆ ಅವರೂ ಬಂದು ಮಗುವಿನ ಪಕ್ಕ ನೆಲದ ಮೇಲೆ ಕೂತರು. ನಾನು ಈಚೆ ಕೂತೆ. ಅವಳು ತಾನಾಗಿ ಏಳುವವರೆಗೂ ಅವರು ಅಂಗಡಿ ತೆಗೆಯಲು ಹೋಗಲಿಲ್ಲ.

ನೇತ್ರಾವತಿ